ಬೆಂಚಿನ ಬಾಗಿಲು ತೆಗೆಯುವವನ ಅಪ್ಪ

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನೆಸ್ಟರ್ ಕೋಬೆಲ್ ಮಾರಿವಿಕ್‌ಳ ಹೋಟೆಲಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ, ಉದ್ದನೆಯ ಮೇಜಿನ ಸುತ್ತ ಕೂತಿದ್ದ ಏಳು ಜನ ಗಂಡಸರು ಒಟ್ಟಿಗೇ ಬಾಯಿ ಮುಚ್ಚಿಕೊಂಡರು. ಒಬ್ಬ ಕಾಫಿಗೆ ಸಕ್ಕರೆ ಸುರಿದು ಕಲಕತೊಡಗಿದ. ಅವನಿಗೆ ಸಕ್ಕರೆ ಕಾಯಿಲೆ ಇರುವುದು ಊರಿಗೆಲ್ಲ ಗೊತ್ತು. ಇನ್ನೊಬ್ಬ, ಈ ಸಲ ಹಿಮ ಬೇಗ ಕರಗುವ ಹಾಗೆ ಕಾಣುತ್ತದೆ ಎಂದು ಕಿಟಕಿಯ ಕಡೆ ತಿರುಗಿದ. ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣದಾಗುತ್ತಿತ್ತು. ನೆಸ್ಟರ್‌ಗೆ ಎದೆ ಉಬ್ಬಿತು. ಅವನು ಇಷ್ಟು ವರ್ಷ ಕಾದದ್ದೇ ಆ ಮೌನಕ್ಕೆ.

ಡನ್‌ಬ್ರೂಕ್‌ನಲ್ಲಿ ಆ ಮೇಜಿಗೆ ಕಾಫಿ ಸಾಲು ಎಂದು ಹೆಸರು. ಅದಕ್ಕೊಂದು ಬರೆಯದ ಕಾನೂನಿದೆ. ಆಟಗಾರನ ಅಪ್ಪ ಕೂತಿರುವಾಗ ಮಗನ ಆಟದ ಮಾತು ಎತ್ತಬಾರದು. ಹೊಗಳುವಂತೆಯೂ ಇಲ್ಲ, ತೆಗಳುವಂತೆಯೂ ಇಲ್ಲ. ಆರು ತಿಂಗಳು ಚಳಿಗಾಲ, ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಥಂಡಿ. ಊರಿಗಿರುವ ಒಂದೇ ಬೆಚ್ಚನೆಯ ಮೇಜಿನಲ್ಲಿ ಜಗಳ ಮಾಡಿಕೊಂಡರೆ ಹೋಗುವುದಾದರೂ ಎಲ್ಲಿಗೆ? ಹಾಗಾಗಿ ಉಳಿದ ಅಪ್ಪಂದಿರು ಬಂದಾಗಲೆಲ್ಲ ಮಾತು ಸಟ್ಟನೆ ನಿಲ್ಲುತ್ತಿತ್ತು. ನೆಸ್ಟರ್ ಬಂದಾಗ ಮಾತ್ರ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಅವನ ಮಗ ಡೇರಿಲ್ ಊರಿನ ಐಸ್ ಹಾಕಿ ತಂಡದ ಎರಡನೆಯ ಗೋಲ್‌ಕೀಪರ್. ಮೊದಲನೆಯವನು ಕೈಕಾಲು ನೆಟ್ಟಗಿಟ್ಟುಕೊಂಡಿರುವ ತನಕ ಎರಡನೆಯವನ ಕೆಲಸ ಬೆಂಚಿನ ತುದಿಯಲ್ಲಿ ಕೂರುವುದು, ಆಟಗಾರರು ಐಸಿಗೆ ಇಳಿಯುವಾಗ ಹತ್ತುವಾಗ ಬೆಂಚಿನ ಪುಟ್ಟ ಬಾಗಿಲು ತೆಗೆದು ಮುಚ್ಚುವುದು. ಬಾಗಿಲು ಬಹಳ ಚೆನ್ನಾಗಿ ತೆಗೆದನಪ್ಪಾ ಎಂದು ಯಾರು ಚರ್ಚೆ ಮಾಡುತ್ತಾರೆ?

ನೆಸ್ಟರ್ ತಾನು ಯಾವತ್ತೂ ಆಡಿದವನಲ್ಲ. ಹುಡುಗನಾಗಿದ್ದಾಗ ಊರಿನ ಹುಡುಗರು ಆಡುವ ಹೊತ್ತಿಗೆ ಸರಿಯಾಗಿ ಅವನ ಮನೆಯಲ್ಲಿ ಹದಿನಾಲ್ಕು ಹಸುಗಳ ಹಾಲು ಕರೆಯಬೇಕಾಗಿತ್ತು. ಉಕ್ರೇನಿನಿಂದ ಬಂದು ಕಲ್ಲು ಹೆಕ್ಕಿ ಹೊಲ ಮಾಡಿದವನ ಮಗನಾದ ಅವನ ಅಪ್ಪನಿಗೆ, ಕೋಲು ಹಿಡಿದು ರಬ್ಬರ್ ಬಿಲ್ಲೆಯ ಹಿಂದೆ ಜಾರುವುದು ತಲೆ ಕೆಟ್ಟವರ ಕೆಲಸವಾಗಿ ಕಂಡಿತ್ತು. ದೊಡ್ಡವನಾದ ಮೇಲೆ ನೆಸ್ಟರ್ ಕಾಳಿನ ಗೋದಾಮಿನಲ್ಲಿ ದುಡಿದ. ಆಮೇಲೆ ಇಪ್ಪತ್ತೊಂಬತ್ತು ವರ್ಷ ಊರಿನ ರಿಂಕ್, ಅಂದರೆ ಐಸಿನ ಅಂಗಳ, ನೋಡಿಕೊಂಡ. ಅಕ್ಟೋಬರಿನಲ್ಲಿ ಪೈಪು ಹಿಡಿದು ಪದರದ ಮೇಲೆ ಪದರ ನೀರು ಬಿಟ್ಟು ಐಸ್ ಕಟ್ಟುವುದು, ಅದರ ಮೇಲೆ ಕೆಂಪು ನೀಲಿ ಗೆರೆ ಬರೆಯುವುದು, ಆಟದ ನಡುವೆ ಗಾಡಿ ಓಡಿಸಿ ಗೀರುಗಳನ್ನು ಅಳಿಸುವುದು. ಬೇರೆಯವರ ಮಕ್ಕಳು ಆಡಲೆಂದು ಅಷ್ಟು ವರ್ಷ ನೆಲ ನುಣುಪು ಮಾಡಿದವನಿಗೆ, ತನ್ನ ಮಗ ಅದೇ ಐಸಿನ ಮೇಲೆ ಒಂದು ಫೈನಲ್‌ನಲ್ಲಿ ಗೋಲು ಕಾಯುವುದನ್ನು ನೋಡಬೇಕೆಂಬ ಆಸೆ ಹುಟ್ಟಿದ್ದು ಯಾವಾಗಲೋ ಅವನಿಗೇ ತಿಳಿಯದು. ಹುಟ್ಟಿದ್ದು ಹೋಗಲಿಲ್ಲ. ಹಲ್ಲುನೋವಿನ ಹಾಗೆ ಇದ್ದೇ ಇತ್ತು.

ಈಗ ಅದಕ್ಕೆ ಗಡುವು ಬಂದಿತ್ತು. ಡೇರಿಲ್‌ಗೆ ಮೂವತ್ತೆಂಟು. ಪೊಟಾಷ್ ಗಣಿಯಲ್ಲಿ ಪಾಳಿ ಕೆಲಸ, ಸೊಂಟದ ಕೀಲು ಸವೆದಿದೆ. ಈ ಸಲದ ಆಟ ಮುಗಿದ ಮೇಲೆ ಕಾಲುಪಟ್ಟಿ ಬಿಚ್ಚಿ ಅಟ್ಟಕ್ಕೆ ಹಾಕುತ್ತೇನೆ ಎಂದು ಕ್ರಿಸ್‌ಮಸ್ ಊಟದ ಹೊತ್ತಿನಲ್ಲಿ ಉಪ್ಪು ಕೇಳಿದಷ್ಟೇ ಸಲೀಸಾಗಿ ಹೇಳಿದ್ದ. ತಂಡ ಕಾರ್ಸ್‌ಲೇಕ್ ಊರಿನವರ ಮೇಲೆ ಏಳು ಪಂದ್ಯಗಳ ಫೈನಲ್ ಆಡುತ್ತಿತ್ತು. ನಾಲ್ಕು ಗೆದ್ದವರಿಗೆ ಕಪ್. ಐದು ಮುಗಿದಾಗ ಡನ್‌ಬ್ರೂಕ್ ಮೂರು ಗೆದ್ದಿತ್ತು. ಗುರುವಾರ ಸಂಜೆ ಕಾರ್ಸ್‌ಲೇಕ್‌ನಲ್ಲಿ ಆರನೆಯದು. ಮೊದಲ ಗೋಲ್‌ಕೀಪರ್ ಕೀರನ್, ಇಪ್ಪತ್ತೆರಡರ ಹುಡುಗ, ಮೂರು ಭಾಗದ ಆಟದಲ್ಲಿ ಎರಡನೆಯದು ಮುಗಿಯುವುದರೊಳಗೆ ಆರು ಗೋಲು ಬಿಟ್ಟುಕೊಟ್ಟ. ಗಾಳಿಗೆ ಹಿಮ ಎದ್ದು ರಸ್ತೆ ಮುಚ್ಚುತ್ತಿದೆ ಎಂದು ಯಾರೋ ಹೇಳಿದರು. ಸೋತ ಆಟವನ್ನು ನೋಡುತ್ತ ಕೂರುವುದೇಕೆಂದು ನೆಸ್ಟರ್ ಎದ್ದುಬಿಟ್ಟ. ಹನ್ನೊಂದು ವರ್ಷದಲ್ಲಿ ಆಟ ಮುಗಿಯುವ ಮೊದಲು ಅವನು ಎದ್ದದ್ದು ಅದೊಂದೇ ಸಲ. ಟ್ರಕ್ಕಿನಲ್ಲಿ ಎಂಟು ಮೈಲಿ ಬಂದಾಗ ರೇಡಿಯೋದವನು ಹೇಳಿದ, ಕೀರನ್‌ನನ್ನು ತೆಗೆದು ಡೇರಿಲ್ ಕೋಬೆಲ್‌ನನ್ನು ಇಳಿಸಿದ್ದಾರೆ ಎಂದು.

ನೆಸ್ಟರ್ ಟ್ರಕ್ಕನ್ನು ರಸ್ತೆಯ ಅಂಚಿಗೆ ಹಾಕಿ, ದೀಪ ಹಚ್ಚಿಟ್ಟು, ಇಪ್ಪತ್ತು ನಿಮಿಷದ ಆಟವನ್ನು ಕಿವಿಯಲ್ಲಿ ನೋಡಿದ. ಹದಿನಾಲ್ಕು ಹೊಡೆತ ಬಂದವು. ಹದಿನಾಲ್ಕನ್ನೂ ಡೇರಿಲ್ ತಡೆದ. ಮನೆಗೆ ಬಂದು ಹೆಂಡತಿ ಸ್ಟೆಫಾಗೆ ಅವನ್ನು ಒಂದೊಂದಾಗಿ ಹೇಳಿದ. ಕಣ್ಣಾರೆ ನೋಡಬೇಕಾದದ್ದನ್ನು ತಾನೇ ಕೈಯಾರೆ ಕಳೆದುಕೊಂಡಿದ್ದ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಊರಿನ ರಿಂಕ್‌ನಲ್ಲಿ ಏಳನೆಯ ಪಂದ್ಯ. ಗೋಲಿನಲ್ಲಿ ನಿಲ್ಲುವವನು ಯಾರು? ಶುಕ್ರವಾರದ ಕಾಫಿ ಸಾಲಿಗೆ ಬೇರೆ ಮಾತಿರಲಿಲ್ಲ, ನೆಸ್ಟರ್ ಬಂದನೆಂದು ಅದೂ ನಿಂತಿತು. ಹೊಗಳಿಕೆ ಕೇಳುವ ಆಸೆ ಯಾರಿಗಿಲ್ಲ? ಅವನು ಅರ್ಧ ಲೋಟ ಕುಡಿದು ಬಚ್ಚಲಿಗೆ ಹೋಗಿಬರುತ್ತೇನೆಂದು ಎದ್ದ. ಬಚ್ಚಲಿನ ಬಾಗಿಲು ತೆಳ್ಳಗಿನ ಹಲಗೆಯದು. ಒಳಗೆ ಚಿಲಕ ಹಾಕಿ ಕಿವಿಯನ್ನು ಹಲಗೆಗೆ ಇಟ್ಟ.

ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಹಾಲ್ವರ್ ಕೀರನ್‌ನ ಕಡೆ. ಒಂದು ಸಲ ಎಡವಿದ ಕುದುರೆಯನ್ನು ನಡುದಾರಿಯಲ್ಲಿ ಬಿಚ್ಚಿ ಬೇರೆ ಕುದುರೆ ಕಟ್ಟುತ್ತಾರೇನು, ಫೈನಲ್ ತನಕ ತಂದವನು ಅವನೇ ತಾನೆ ಎಂದು ಅವನ ವಾದ. ಗೋಧಿ ಬೆಳೆಯುವ ರೆನೆ ಡೇರಿಲ್‌ನ ಕಡೆ. ಹುಡುಗನಿಗೆ ಕೈ ನಡುಗುತ್ತದೆ, ಡೇರಿಲ್‌ಗೆ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ, ಅಂಥವನನ್ನೇ ನಿಲ್ಲಿಸಬೇಕು ಎಂದು ಅವನು ಮೇಜು ಕುಟ್ಟಿದ. ಕಾಫಿ ತುಂಬಿಸುತ್ತಿದ್ದ ಮಾರಿವಿಕ್ ಫಿಲಿಪೀನ್ಸ್‌ನಿಂದ ಬಂದು ಒಂಬತ್ತು ವರ್ಷ. ಐಸ್ ಎಂದರೆ ಲೋಟದಲ್ಲಿ ಹಾಕುವುದು ಎಂದುಕೊಂಡು ಬಂದವಳು ಈಗ ಒಂದು ಪಂದ್ಯವನ್ನೂ ತಪ್ಪಿಸುವುದಿಲ್ಲ.

"ನೀವು ಗಂಡಸ್ರು ಆಟ ನೋಡ್ತೀರೋ, ಪಾಪ್‌ಕಾರ್ನ್ ನೋಡ್ತೀರೋ?" ಎಂದಳು ಅವಳು. "ಕೀರನ್ ಬೇಗ ಮಂಡಿ ಊರ್ತಾನೆ. ಎಡಭುಜದ ಮೇಲೆ ಎತ್ತಿ ಹೊಡುದ್ರೆ ಮುಗೀತು. ಆರರಲ್ಲಿ ನಾಕು ಅಲ್ಲೇ ಹೋದ್ವು. ಡೇರಿಲ್ ನಿಂತೇ ಇರ್ತಾನೆ, ಕಂಬದ ಹಾಗೆ."

ಬಚ್ಚಲಿನೊಳಗೆ ನೆಸ್ಟರ್ ಕಣ್ಣು ಮುಚ್ಚಿಕೊಂಡ. ಕಂಬದ ಹಾಗೆ. ಅವನು ಆ ದಿನ ಒಟ್ಟು ನಾಲ್ಕು ಸಲ ಬಚ್ಚಲಿಗೆ ಹೋದ. ನಾಲ್ಕನೆಯ ಸಲ ಹೊರಗೆ ಬಂದಾಗ ಹಾಲ್ವರ್ ಮೆಲ್ಲಗೆ, ಡಾಕ್ಟರಿಗೆ ತೋರಿಸಿದೆಯೇನೋ, ನಮ್ಮ ವಯಸ್ಸಿಗೆ ಅದೆಲ್ಲ ಸಾಮಾನ್ಯ, ನಾಚಿಕೆ ಪಡಬೇಡ ಎಂದು ಕೇಳಿದ.

ಶನಿವಾರ ಬೆಳಿಗ್ಗೆ ಕೋಚ್ ಲೈಲ್ ಬಾರ್ನ್‌ಹಾರ್ಟ್ ಖುದ್ದಾಗಿ ಕಾಫಿ ಸಾಲಿಗೆ ಬಂದ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು, ನಾಲ್ಕು ವರ್ಷದ ಹಿಂದೆ ಪೂರ್ವದ ದೊಡ್ಡ ಪಟ್ಟಣದಿಂದ ಬಂದವನು. ಒಳ್ಳೆಯವನೇ. ಆದರೆ ಊರಿಗೆ ಬಂದು ನಾಲ್ಕು ವರ್ಷವಾದರೂ ಊರು ಅವನೊಳಗೆ ಪೂರ್ತಿ ಇಳಿದಿರಲಿಲ್ಲ. ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. ಕುರ್ಚಿ ಎಳೆದುಕೊಂಡು ನೇರವಾಗಿ ನೆಸ್ಟರ್‌ನ ಎದುರಿಗೆ ಕೂತ. ಎಲ್ಲರೆದುರಿಗೇ ಕಾನೂನು ಮುರಿದು ಕೇಳಿದ.

"ನೆಸ್ಟರ್, ನಿಮ್ಮಷ್ಟು ಪ್ರಾಕ್ಟೀಸ್ ನೋಡಿದೋರು ಈ ಊರಲ್ಲಿ ಇನ್ನೊಬ್ರಿಲ್ಲ. ನಿಮ್ಮ ಮಗ ಅನ್ನೋದು ಒಂದ್ ನಿಮಿಷ ಪಕ್ಕಕ್ಕಿಡಿ. ನಾಳೆ ಯಾರನ್ನ ನಿಲ್ಲಿಸ್ಲಿ?"

ಈಗ ಡನ್‌ಬ್ರೂಕ್‌ನಲ್ಲಿ ಹುಟ್ಟಿದವರ ನಡವಳಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ಯಾರ ಮನೆಗೆ ಹೋದರೂ ಪಿರೋಗಿ ಕಡುಬು ಬಡಿಸುವವರು ಇನ್ನೆರಡು ಹಾಕಲೇ ಎಂದಾಗ ಅತಿಥಿ ಬೇಡ ಎನ್ನಬೇಕು. ಎರಡನೆಯ ಸಲ ಕೇಳಿದಾಗ ಹೊಟ್ಟೆ ಮುಟ್ಟಿ ತೋರಿಸಬೇಕು. ಮೂರನೆಯ ಸಲ ಕೇಳಿದಾಗ, ನಿಮ್ಮ ಬಲವಂತಕ್ಕೆ ಎಂದು ತಟ್ಟೆ ಚಾಚಬೇಕು. ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಮೂರು ಸಲ ಕೇಳದವನು ಜಿಪುಣ. ಕೆಲಸ, ಹುದ್ದೆ, ಮೆರವಣಿಗೆಯಲ್ಲಿ ಬಾವುಟ ಹಿಡಿಯುವುದು, ಎಲ್ಲಕ್ಕೂ ಇದೇ ಪದ್ಧತಿ. ಇನ್ನು ತನ್ನವರನ್ನು ತಾನೇ ಮುಂದೆ ಮಾಡುವುದಂತೂ ಮಾನಗೇಡಿತನ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾಲ್ಕು ಜನ ಆಡಿಕೊಳ್ಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದು ಮೇಲು.

ನೆಸ್ಟರ್‌ನ ಎದೆ ಡೇರಿಲ್, ಡೇರಿಲ್ ಎಂದು ಹೊಡೆದುಕೊಳ್ಳುತ್ತಿತ್ತು. ಬಾಯಿ ಎಪ್ಪತ್ತಮೂರು ವರ್ಷದ ಅಭ್ಯಾಸದಂತೆ ತಾನೇ ತೆರೆಯಿತು.

"ಹುಡುಗನ್ನೇ ನಿಲ್ಸಿ. ಇಲ್ಲೀ ತನಕ ತಂದೋನು ಅವ್ನೇ ಅಲ್ವಾ."

"ಖಂಡಿತಾನಾ?"

"ನಮ್ಮೋನು ಬಿಡಿ, ಬಾಗ್ಲು ತೆಗೆಯಕ್ಕೆ ಸರಿಯಾಗಿದಾನೆ" ಎಂದು ನೆಸ್ಟರ್ ನಕ್ಕ. ನಗುತ್ತಲೇ ಮೂರನೆಯ ಸಲಕ್ಕೆ ಕಾದ. ಇನ್ನೊಂದೇ ಒಂದು ಸಲ ಕೇಳಿದ್ದರೆ ಸಾಕಾಗಿತ್ತು. ಹಾಗನ್ನಬೇಡಿ, ಡೇರಿಲ್ ಮೊನ್ನೆ ಎಷ್ಟು ಚೆನ್ನಾಗಿ ನಿಂತ ಎಂದರೆ ಸಾಕು, ಸರಿಯಪ್ಪ, ನೀವೆಲ್ಲ ಅಷ್ಟು ಹೇಳುವುದಾದರೆ ಎಂದು ಅವನು ಒಪ್ಪಿಕೊಳ್ಳಲು ತಯಾರಿದ್ದ. ರೆನೆ ಬಾಯಿ ತೆರೆದ, ಮುಚ್ಚಿದ; ಅಪ್ಪನೆದುರಿಗೆ ಮಗನ ಮಾತು ಆಡುವ ಹಾಗಿಲ್ಲ. ಮಾರಿವಿಕ್ ಅಡಿಗೆಮನೆಯಲ್ಲಿದ್ದಳು. ಲೈಲ್ ಎದ್ದು ನಿಂತು ನೆಸ್ಟರ್‌ನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿದ. ಮಗನಿದ್ದೂ ಇಷ್ಟು ಪ್ರಾಮಾಣಿಕವಾಗಿ ಹೇಳುವುದು ಎಲ್ಲರಿಂದ ಆಗುವುದಿಲ್ಲ, ನನ್ನ ತಲೆಯ ಮೇಲಿನ ಭಾರ ಇಳಿಯಿತು ಎಂದು ಹೇಳಿ ಹೊರಟುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೆಸ್ಟರ್ ತಣ್ಣಗಾದ ಕಾಫಿಯ ಮುಂದೆ ಹನ್ನೆರಡು ಗಂಟೆಯ ತನಕ ಕೂತಿದ್ದ. ಬಚ್ಚಲಿಗೆ ಒಂದು ಸಲವೂ ಹೋಗಲಿಲ್ಲ.

ಮನೆಯಲ್ಲಿ ಸ್ಟೆಫಾ ಎಲೆಕೋಸಿನ ಸುರುಳಿ ಕಟ್ಟುತ್ತಿದ್ದಳು. ವಿಷಯ ಕೇಳಿ ಕೈಯಲ್ಲಿದ್ದ ಎಲೆಯನ್ನು ಪಾತ್ರೆಗೆ ಎಸೆದಳು.

"ಮೂರನೇ ಸಲ ಕೇಳ್ಲಿ ಅಂತ ಕೂತಿದ್ಯಾ? ಅವನೇನು ನಮ್ಮೂರಲ್ಲಿ ಹುಟ್ಟಿದೋನಾ ನೆಸ್ಟರ್? ಹೋದ ವರ್ಷ ನಮ್ಮನೇಲಿ ಊಟಕ್ಕೆ ಕೂತು, ಮೊದಲ್ನೇ ಸಲ ಕೇಳಿದ್ದಕ್ಕೇ ಆರು ಪಿರೋಗಿ ಹಾಕಿಸ್ಕೊಂಡೋನು!"

"ಜನ ಏನಂದ್ಕೊಳ್ತಿದ್ರು?"

"ಜನ! ಜನ ಬಂದು ನಿನ್ ಮಗನ್ ಹೊಟ್ಟೆಯೊಳಗಿನ ಸಂಕಟ ತೆಗೀತಾರಾ? ಈಗ್ಲೇ ಹೋಗು. ತಪ್ಪಾಯ್ತು, ಡೇರಿಲ್‌ನ ನಿಲ್ಸು ಅಂತ ಹೇಳ್ಬಿಟ್ಟು ಬಾ."

ಅವಳು ಒಂದು ಡಬ್ಬಿಯಲ್ಲಿ ಸುರುಳಿ ತುಂಬಿಸಿ ಕೈಗೆ ಕೊಟ್ಟಳು. ಬರಿಗೈಯಲ್ಲಿ ಹೋಗಿ ಇಂಥ ಮಾತು ಆಡುವುದಾದರೂ ಹೇಗೆ. ನೆಸ್ಟರ್ ಮೂರು ಬೀದಿ ನಡೆದು ಲೈಲ್‌ನ ಮನೆಯ ಗಂಟೆ ಒತ್ತಿದ. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ. ಲೈಲ್ ಬಾಗಿಲು ತೆರೆದು ಡಬ್ಬಿ ನೋಡಿ ಸಂತೋಷಪಟ್ಟ. ಒಳಗೆ ಬನ್ನಿ ಎಂದ. ನೆಸ್ಟರ್ ಬೇಡ ಎಂದ. ಲೈಲ್ ಸರಿ ಎಂದು ಅಲ್ಲೇ ನಿಂತ. ಮೆಟ್ಟಿಲ ಮೇಲೆ ನಿಂತವನಿಗೆ ಬಾಯಿಪಾಠದ ಮೊದಲ ಪದವೇ ಮರೆತುಹೋಯಿತು.

"ನಾಳೆ ಐಸ್ ಚೆನ್ನಾಗಿರತ್ತೆ. ರಾತ್ರಿ ಥಂಡಿ ಬೀಳತ್ತಂತೆ" ಎಂದ.

ಬಹಳ ಒಳ್ಳೆಯದು ಎಂದ ಲೈಲ್. ಇನ್ನೇನಾದರೂ ಹೇಳುವುದಿತ್ತೇ ಎಂದೂ ಕೇಳಿದ, ಪಾಪ. ಅವನನ್ನು ಪೂರ್ತಿ ದೂರುವಂತಿಲ್ಲ. ನೆಸ್ಟರ್ ತಲೆ ಅಲ್ಲಾಡಿಸಿದ. ಬರುವಾಗ ದಾರಿ ಮೂರರ ಬದಲು ಆರು ಬೀದಿಯಾಯಿತು. ರಿಂಕ್‌ನ ಹಿಂಬಾಗಿಲ ಹತ್ತಿರ ಡೇರಿಲ್‌ನ ಟ್ರಕ್ ನಿಂತಿತ್ತು. ಒಳಗೆ ಬಿಲ್ಲೆ ಹಲಗೆಗೆ ಬಡಿಯುವ ಸದ್ದು ಕೇಳುತ್ತಿತ್ತು. ಯಾರೋ ಹೊಡೆಯುತ್ತಿದ್ದರು, ಯಾರೋ ತಡೆಯುತ್ತಿದ್ದರು. ಒಳಗೆ ಹೋಗಿ ಮಗನ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಭಾನುವಾರ ರಿಂಕ್‌ನಲ್ಲಿ ಸಾವಿರ ಜನ, ಊರಿನಲ್ಲಿರುವುದು ಎಂಟುನೂರು. ನೆಸ್ಟರ್ ಮತ್ತು ಸ್ಟೆಫಾ ಎಂದಿನ ಜಾಗದಲ್ಲಿ, ಗೋಲಿನ ಹಿಂದಿನ ಮೂರನೆಯ ಸಾಲಿನಲ್ಲಿ, ಕಂಬಳಿ ಹೊದ್ದು ಕೂತರು. ಕೀರನ್ ಮುಖವಾಡ ಇಳಿಸಿಕೊಂಡು ಗೋಲಿಗೆ ಬಂದ. ಅವನ ಹಿಂದೆ ಬಂದ ಡೇರಿಲ್ ಹುಡುಗನ ಕಾಲುಪಟ್ಟಿಗೆ ಕೋಲಿನಿಂದ ಎರಡು ಸಲ ತಟ್ಟಿ, ಕಿವಿಯ ಹತ್ತಿರ ಏನೋ ಹೇಳಿ, ಬೆಂಚಿನ ತುದಿಗೆ ಹೋಗಿ ಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡು ಕೂತ. ಸ್ಟೆಫಾ ಗಂಡನ ಕಡೆ ತಿರುಗಲಿಲ್ಲ.

ಕಾರ್ಸ್‌ಲೇಕ್‌ನವರು ಮೂರು ಗೋಲು ಹೊಡೆದರು. ಎರಡು ಎಡಭುಜದ ಮೇಲೆಯೇ ಹೋದವು. ಪ್ರತಿ ಸಲವೂ ನೆಸ್ಟರ್ ಗೋಲಿನ ಕಡೆ ನೋಡದೆ ಬೆಂಚಿನ ಕಡೆ ನೋಡಿದ. ಪ್ರತಿ ಸಲವೂ ಡೇರಿಲ್‌ನ ಎಡಗೈ ತೊಡೆಯ ಮೇಲಿಂದ ಚೂರು ಮೇಲೆದ್ದು ಮತ್ತೆ ಇಳಿಯಿತು. ಡನ್‌ಬ್ರೂಕ್‌ನವರೂ ಮೂರು ಹೊಡೆದರು. ಹೆಚ್ಚಿನ ಅವಧಿಯ ಆರನೆಯ ನಿಮಿಷದಲ್ಲಿ ನಾಲ್ಕನೆಯದು ಹೊಡೆದು ಕಪ್ ಗೆದ್ದರು. ಆಟಗಾರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಬೆಂಚಿನ ಬಾಗಿಲು ತೆಗೆದು ಎಲ್ಲರನ್ನೂ ಬಿಟ್ಟು, ಕೊನೆಯವನಾಗಿ ಡೇರಿಲ್ ಐಸಿಗೆ ಇಳಿದ.

ಆಮೇಲೆ ನಡೆದದ್ದು ನೆಸ್ಟರ್‌ಗೆ ಶಿಕ್ಷೆ. ಕಂಡಕಂಡವರೆಲ್ಲ ಬಂದು ಅವನ ಬೆನ್ನು ತಟ್ಟಿದರು. ನೀನು ಹೇಳಿದ್ದೇ ಸರಿಯಾಯಿತು, ಸ್ವಂತ ಮಗನನ್ನು ಬಿಟ್ಟು ಊರು ನೋಡಿದೆ, ಕಪ್ ನಿನ್ನದೇ ಎಂದರು. ಹಾಲ್ವರ್ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ. ರೆನೆ ಕೂಡ ಟೋಪಿ ತೆಗೆದು, ನಾನು ಸೋತೆ ಎಂದ. ಮಾರಿವಿಕ್ ಮಾತ್ರ ಹತ್ತಿರ ಬಂದು ಅವನ ಮುಖ ನೋಡಿ, ಸ್ಟೆಫಾಳ ಕೈ ಅದುಮಿ ಹೋದಳು. ಇಷ್ಟು ವರ್ಷ ಹೊಗಳಿಕೆಗೆ ಕಾದಿದ್ದವನಿಗೆ ಈಗ ಬರುತ್ತಿದ್ದ ಹೊಗಳಿಕೆ ಒಂದೊಂದೂ ಕೆನ್ನೆಗೆ ಬಾರಿಸಿದ ಹಾಗಿತ್ತು.

ಸ್ಟೆಫಾ ರಿಂಕ್‌ನ ಅಡಿಗೆಮನೆಗೆ ಸಹಾಯಕ್ಕೆ ಹೋದಳು. ಐದು ಗಂಟೆಯ ಇಳಿಬಿಸಿಲಿನಲ್ಲಿ ನೆಸ್ಟರ್ ಟ್ರಕ್ಕಿನಲ್ಲಿ ಕೂತು ಇಂಜಿನ್ ಬಿಸಿ ಮಾಡುತ್ತಿದ್ದಾಗ ಡೇರಿಲ್ ಚೀಲ ಹೊತ್ತು ಬಂದು, ಅದನ್ನು ಹಿಂದೆ ಹಾಕಿ, ಪಕ್ಕದಲ್ಲಿ ಹತ್ತಿ ಕೂತ. ಅವನ ಕೂದಲು ಒಣಗಿಯೇ ಇತ್ತು. ಉಳಿದವರೆಲ್ಲ ಬೆವರಿ ಸ್ನಾನ ಮಾಡಿ ಬಂದಿದ್ದರು.

"ಲೈಲ್‌ಗೆ ಹುಡುಗನ್ನೇ ನಿಲ್ಲಿಸು ಅಂದ್ಯಂತೆ" ಎಂದ ಡೇರಿಲ್. ದನಿಯಲ್ಲಿ ಕೋಪವಿರಲಿಲ್ಲ. "ನಿಜ ಅನ್ನಿಸ್ತು ಅಂತ ಹೇಳಿದ್ಯಾ, ಮರ್ಯಾದೆಗೆ ಹೇಳಿದ್ಯಾ?"

ನಿಜ ಎನ್ನಿಸಿತು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಊರೇ ಅದನ್ನು ನಂಬಿತ್ತು. ಆದರೆ ಅವನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ಮರ್ಯಾದೆಗೆ ಕಣೋ. ಇನ್ನೊಂದ್ ಸಲ ಕೇಳ್ತಾನೆ ಅಂದ್ಕೊಂಡಿದ್ದೆ."

ಡೇರಿಲ್ ಕೈಗವಸು ಬಿಚ್ಚಿ ಮಂಡಿಯ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದ.

"ಶುಕ್ರವಾರ ಪ್ರಾಕ್ಟೀಸ್ ಆದ್ಮೇಲೆ ನನ್ನನ್ನ ಕೇಳ್ದ. ಭಾನುವಾರ ನೀನು ನಿಲ್ತೀಯಾ ಅಂತ. ಎರಡ್ ಸಲ ಕೇಳ್ದ ಅಪ್ಪ. ಎರಡ್ ಸಲಾನೂ ನಾನು, ಹುಡುಗನ್ನೇ ಹಾಕಿ ಅಂದೆ. ಮೂರನೇ ಸಲ ನನ್ನ ಕೇಳೋ ಬದ್ಲು ನಿನ್ ಹತ್ರ ಬಂದ."

ನೆಸ್ಟರ್ ಸ್ಟಿಯರಿಂಗ್ ಮೇಲೆ ಹಣೆ ಇಟ್ಟ. ಅವನ ಭುಜಗಳು ಅಲುಗಿದವು. ನಗುತ್ತಿದ್ದಾನೋ ಅಳುತ್ತಿದ್ದಾನೋ ಮಗನಿಗೆ ಗೊತ್ತಾಗಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ. ರಿಂಕ್‌ನ ಒಳಗಿಂದ ಹಾಡು, ಚಪ್ಪಾಳೆ ಕೇಳಿಬರುತ್ತಿದ್ದವು. ಅವನು ತಲೆ ಎತ್ತದೆಯೇ ಕೇಳಿದ.

"ಇವತ್ತು ನೀನಿದ್ದಿದ್ರೆ, ಆ ಮೂರು ಹೊಡೆತ..."

ಕೋಬೆಲ್ ಮನೆತನದಲ್ಲಿ ಇಂಥ ಪ್ರಶ್ನೆಗೆ ಉತ್ತರ ಒಂದೇ. ಏನೋಪ್ಪ, ಯಾರಿಗೆ ಗೊತ್ತು, ಅವನೇ ಚೆನ್ನಾಗಿ ಆಡಿದ ಎನ್ನಬೇಕು. ನೆಸ್ಟರ್ ಅದನ್ನೇ ಕೇಳಲು ತಯಾರಾಗಿದ್ದ.

"ತಡೀತಿದ್ದೆ" ಎಂದ ಡೇರಿಲ್. "ಮೂರನ್ನೂ ತಡೀತಿದ್ದೆ ಅಪ್ಪ."

"ಗೊತ್ತು" ಎಂದ ನೆಸ್ಟರ್. "ನಂಗ್ ಯಾವಾಗ್ಲೂ ಗೊತ್ತಿತ್ತು."